ಸಾಹುಕಾರರ ಧರ್ಮದ ಗಾಡಿ

2001ರಲ್ಲಿ ನಾನು ಗದಗ-ಬೆಟಗೇರಿಯ ಒಂದು ಸ್ವಯಂಸೇವಾ ಸಂಸ್ಥೆಯ ಮಾಹಿತಿ ಕೇಂದ್ರದಲ್ಲಿ ತರಬೇತಿ ಅಧಿಕಾರಿಯಾಗಿದ್ದೆ. ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾಗಿ ಆಗಿನ್ನೂ ನಾಲ್ಕು ವರ್ಷ. ಯಾವ ಕೆಲಸಕ್ಕೆ ಯಾರ ಬಾಗಿಲು ತಟ್ಟಬೇಕು ಎಂಬುದು ಜನರಿಗೆ ಗೊತ್ತಿರಲಿಲ್ಲ, ಕೆಲವೊಮ್ಮೆ ಬಾಗಿಲೊಳಗೆ ಕುಳಿತವರಿಗೂ ಗೊತ್ತಿರುತ್ತಿರಲಿಲ್ಲ. ಹೀಗಾಗಿ ನಮ್ಮ ಕೇಂದ್ರದಲ್ಲಿ ಒಂದು ರೆಫರಲ್ ಡೇಟಾಬೇಸ್ ಇಟ್ಟಿದ್ದೆವು. ಹೆಸರಷ್ಟೇ ದೊಡ್ಡದು. ಕಣ್ಣಿನ ತಪಾಸಣೆ ಎಲ್ಲಿ, ಅಂಗವಿಕಲರ ಸೈಕಲ್ ಯಾರು ಕೊಡುತ್ತಾರೆ, ಹೆರಿಗೆಗೆ ಗಾಡಿ ಯಾರದು ಎಂಬ ವಿವರಗಳನ್ನು ಒಂದು ಕಂಪ್ಯೂಟರಿನಲ್ಲಿ ತುಂಬಿಟ್ಟು, ಫೋನ್ ಮಾಡಿದವರಿಗೆ ದಾರಿ ತೋರಿಸುವುದು ಅದರ ಕೆಲಸ.

ಆ ವರ್ಷ ಇಬ್ಬರು ಹೊಸಬರು ಸೇರಿದರು. ಕುರ್ತಕೋಟಿಯ ಮಹಾಂತೇಶ ಆಗಷ್ಟೇ ಪದವಿ ಮುಗಿಸಿದ್ದ. ಬೆಟಗೇರಿಯ ರೆಹಾನಾ ಸೀರೆ ವ್ಯಾಪಾರಿಯ ಮಗಳು, ಯಾರ ಜೊತೆಗಾದರೂ ಹೆದರದೆ ಮಾತನಾಡುವವಳು. ಧಾರವಾಡದಿಂದ ಬಂದ ಹಳೆಯ ಮಾಹಿತಿಯಲ್ಲಿ ಯಾವುದು ಇನ್ನೂ ನಿಜ, ಯಾವುದು ಸುಳ್ಳು ಎಂದು ಫೋನ್ ಮಾಡಿ ಖಾತ್ರಿಪಡಿಸಿಕೊಳ್ಳುವುದನ್ನು ನಾನು ಇವರಿಗೆ ಕಲಿಸಬೇಕಿತ್ತು. ನಮ್ಮ ಭಾಷೆಯಲ್ಲಿ ಅದಕ್ಕೆ ವೆರಿಫಿಕೇಶನ್ ಕಾಲ್ ಎನ್ನುತ್ತಿದ್ದೆವು.

ಹೆರಿಗೆ ಗಾಡಿಗಳ ವಿಭಾಗದಲ್ಲಿ ಮೊದಲ ಹೆಸರೇ ಲಕ್ಷ್ಮೇಶ್ವರದ ಒಬ್ಬ ಸಾಹುಕಾರರ ಟ್ರಸ್ಟಿನದು. ಅವರ ಹೆಸರು ಇಲ್ಲಿ ಬೇಡ. ದಲಾಲಿ ಅಂಗಡಿಯವರು, ತೀರಿಹೋದ ತಾಯಿಯ ಹೆಸರಿನಲ್ಲಿ ಒಂದು ಗಾಡಿ ಬಿಟ್ಟಿದ್ದರು. ಗಾಡಿಯ ಎರಡೂ ಬದಿಗೆ ‘ಗರ್ಭಿಣಿಯರಿಗೆ ಉಚಿತ ಸೇವೆ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಅದರಿಂದ ಅವರಿಗೆ ಎಷ್ಟು ಹಾರ, ಎಷ್ಟು ಶಾಲು ಬಿದ್ದಿದ್ದವೋ ದೇವರೇ ಬಲ್ಲ.

ಆ ಗಾಡಿಯನ್ನು ನಾನು ಬಲ್ಲೆ. ನನ್ನ ಅಕ್ಕ ಗಂಗಾಳನ್ನು ಶಿರಹಟ್ಟಿ ಸೀಮೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ನಾನು ಈ ಕೆಲಸಕ್ಕೆ ಸೇರುವ ಹಿಂದಿನ ವರ್ಷ ಅವಳಿಗೆ ನೋವು ಕಾಣಿಸಿಕೊಂಡಾಗ ಅವಳ ಗಂಡ ಕಿರಾಣಿ ಅಂಗಡಿಯಿಂದ ಸಾಹುಕಾರರಿಗೆ ಫೋನ್ ಮಾಡಿದ್ದ. ಗಾಡಿ ಹುಬ್ಬಳ್ಳಿಗೆ ಹೋಗಿದೆ ಎಂದು ಉತ್ತರ ಬಂತು. ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ ಅಕ್ಕನನ್ನು ಮಲಗಿಸಿ ಗದಗಿಗೆ ಹೊರಟರು. ಲಕ್ಷ್ಮೇಶ್ವರ ದಾಟುವಾಗ ಆ ಗಾಡಿ ಒಂದು ಕಲ್ಯಾಣ ಮಂಟಪದ ಮುಂದೆ ನಿಂತಿತ್ತು, ಬೀಗರು ಅದರಿಂದ ಇಳಿಯುತ್ತಿದ್ದರು. ಆ ಕೆಂಪು ಅಕ್ಷರಗಳನ್ನು ಅಕ್ಕ ಮಲಗಿದಲ್ಲಿಂದಲೇ ಓದಿದ್ದಳು. ಗದಗಿನಲ್ಲಿ ಅಕ್ಕ ಉಳಿದಳು, ಕೂಸು ಉಳಿಯಲಿಲ್ಲ.

ದೇವರು ನೋಡಿಕೊಳ್ಳುತ್ತಾನೆ ಎಂದು ನಮ್ಮವ್ವ ಹೇಳಿದಳು. ಅಕ್ಕ ಎದ್ದು ಒಳಗೆ ಹೋದಳು. ದೇವರ ಮೇಲೆ ಬಿಟ್ಟು ಕೂರುವಷ್ಟು ತಾಳ್ಮೆ ನನಗಿರಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುವುದು ಗೊತ್ತಿತ್ತು, ಆದ್ದರಿಂದ ಹಲ್ಲು ಕಚ್ಚಿ ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೆ ಮರೆತೆ ಎಂದಲ್ಲ.

ತರಬೇತಿಯ ಮೊದಲ ವಾರದಲ್ಲೇ ಆ ನಂಬರಿಗೆ ಫೋನ್ ಮಾಡಲು ರೆಹಾನಾಳಿಗೆ ಹೇಳಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಅವಳು ನಾನು ಕಲಿಸಿದಂತೆಯೇ, ಗದಗ ಮಾಹಿತಿ ಕೇಂದ್ರದಿಂದ ಮಾತನಾಡುತ್ತಿದ್ದೇವೆ, ತಮ್ಮ ಸೇವೆ ಈಗಲೂ ಲಭ್ಯವಿದೆಯೇ ಎಂದು ಶುದ್ಧ ಕನ್ನಡದಲ್ಲಿ ಕೇಳಿದಳು. ಫೋನ್ ಎತ್ತಿದವರು ಸ್ವತಃ ಸಾಹುಕಾರರು. ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು. ಹಗಲು ರಾತ್ರಿ ಎನ್ನದೆ ಗಾಡಿ ಸಿದ್ಧವಿದೆ, ಯಾರನ್ನಾದರೂ ಕಳಿಸಿ ಎಂದರು. ಮಹಾಂತೇಶ ಕಂಪ್ಯೂಟರಿನಲ್ಲಿ ‘ಖಾತ್ರಿಯಾಗಿದೆ’ ಎಂದು ಹಾಕಲು ಕೈ ಮುಂದೆ ಮಾಡಿದ. ತಡಿ ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಅದೇ ನಂಬರಿಗೆ ನಾನೇ ಫೋನ್ ಮಾಡಿದೆ. ಈ ಸಲ ಕಚೇರಿಯ ಕನ್ನಡ ಬಿಟ್ಟು ನಮ್ಮ ಮನೆಯ ಮಾತು ಆಡಿದೆ.

“ಯಪ್ಪಾ, ನಮ್ಮ ಹುಡಿಗಿಗೆ ದಿನಾ ತುಂಬ್ಯಾವ್ರಿ. ಬ್ಯಾನಿ ಎದ್ರ ನಿಮ್ಮ ಗಾಡಿ ಬರತೈತೇನ್ರಿ?”

“ಯಾವೂರು? ಯಾರ ಪೈಕಿ ನೀವು?”

ಊರು ಹೇಳಿದೆ. ನಾವು ಕೂಲಿ ಮಾಡುವವರು ಎಂದೆ.

“ಡ್ರೈವರ್ ಇಲ್ಲವ್ವಾ. ಬ್ಯಾರೆ ಕಡೆ ನೋಡ್ಕೋರಿ.”

ಫೋನ್ ಇಟ್ಟುಬಿಟ್ಟರು. ಅದೇ ಮನುಷ್ಯ, ಅದೇ ಫೋನು. ಬೆಲ್ಲ ಮಾತ್ರ ಕರಗಿಹೋಗಿತ್ತು. ಹೊಸಬರಿಬ್ಬರತ್ತ ತಿರುಗಿದೆ. ಇದೇ ಇವತ್ತಿನ ಪಾಠ ಎಂದೆ. ಅಧಿಕಾರಿಗಳ ದನಿಯಲ್ಲಿ ಕೇಳಿದರೆ ಎಲ್ಲ ಸೇವೆಯೂ ಇರುತ್ತದೆ, ಆದ್ದರಿಂದ ಯಾರಿಗೆ ಸೇವೆ ಬೇಕೋ ಅವರ ದನಿಯಲ್ಲೂ ಒಮ್ಮೆ ಕೇಳಬೇಕು. ಆಮೇಲೆ ಮಹಾಂತೇಶನಿಗೆ ಆ ಹೆಸರನ್ನು ತೆಗೆದುಹಾಕಲು ಹೇಳಿದೆ. ಖರೆ ಹೇಳುತ್ತೇನೆ, ಆ ಮಾತು ಹೇಳುವಾಗ ನನಗೆ ಹಬ್ಬದೂಟ ಉಂಡಷ್ಟು ಸುಖವಾಯಿತು. ಹೊಸ ಪಟ್ಟಿ ಜಿಲ್ಲೆಯ ಎಲ್ಲ ಕಚೇರಿಗೆ ಹೋಗುತ್ತದೆ, ಸಾಹುಕಾರರ ಹೆಸರು ಇಲ್ಲದ್ದನ್ನು ನಾಲ್ಕು ಜನ ಕಾಣುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ಅಡ್ಡ ಬಂದವಳು ರೆಹಾನಾ.

“ತಗದ್ರ ಅವರಿಗೇನ್ ಆಗತೈತ್ರಿ ಮೇಡಂ? ಡೀಸೆಲ್ ಉಳಿತೈತಿ ಅಷ್ಟ. ಆ ಕಡೆ ಹೆಣ್ಮಕ್ಕಳಿಗೆ ಬ್ಯಾರೆ ಗಾಡಿ ಎಲ್ಲೈತ್ರಿ?”

ನಾನು ರೇಗಿದೆ. ನಿನಗೆ ಆ ಮನುಷ್ಯ ಗೊತ್ತಿಲ್ಲ ಎಂದೆ. ಆದರೆ ಅವಳ ಮಾತು ನನ್ನೊಳಗೆ ಕುಳಿತುಬಿಟ್ಟಿತು. 108 ಆಂಬುಲೆನ್ಸ್ ಇನ್ನೂ ಬಂದಿರದ ಕಾಲ ಅದು. ಶಿರಹಟ್ಟಿ ಕಡೆಗೆ ಬೇರೆ ಉಚಿತ ಗಾಡಿಯೇ ಇರಲಿಲ್ಲ. ಹೆಸರು ತೆಗೆದರೆ ಸಾಹುಕಾರರಿಗೆ ಒಂದು ಕಿರಿಕಿರಿ ತಪ್ಪುತ್ತಿತ್ತು, ಅಷ್ಟೇ. ಕೆಂಪು ಅಕ್ಷರ ಅಲ್ಲೇ ಇರುತ್ತಿತ್ತು, ಬೀಗರೂ ಅದರಲ್ಲೇ ಓಡಾಡುತ್ತಿದ್ದರು. ಅದು ಸೇಡಲ್ಲ, ಇನಾಮು. ಮರುದಿನ ಬಂದವಳೇ ಹೆಸರು ತೆಗೆಯುವುದು ಬೇಡ ಎಂದೆ. ಅವರನ್ನು ದುಡಿಸಿಕೊಳ್ಳೋಣ.

ನಾವು ಕೆಲಸದ ಕ್ರಮವನ್ನೇ ಬದಲಿಸಿದೆವು. ಅಲ್ಲಿಯವರೆಗೆ ಕೇಳಿದವರಿಗೆ ನಂಬರ್ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆವು. ಇನ್ನು ಮೇಲೆ ಜನ ನಮಗೆ ಫೋನ್ ಮಾಡುವುದು, ನಾವು ಗಾಡಿಯವರಿಗೆ ಮಾಡುವುದು, ಗಾಡಿ ಊರು ಮುಟ್ಟಿತೇ ಎಂದು ಮತ್ತೆ ಜನರನ್ನು ಕೇಳುವುದು. ಇದಕ್ಕೆ ಫಾಲೋ-ಅಪ್ ಎನ್ನುತ್ತಾರೆ. ನಮ್ಮ ನಂಬರನ್ನೂ ಟ್ರಸ್ಟಿನ ಹೆಸರನ್ನೂ ಅಚ್ಚು ಹಾಕಿಸಿ ಶಿರಹಟ್ಟಿ, ಮುಂಡರಗಿ ಕಡೆಯ ಅಂಗನವಾಡಿಗಳಲ್ಲೆಲ್ಲ ಅಂಟಿಸಿದೆವು. ಸಾಹುಕಾರರ ಹೆಸರನ್ನು ನಾನೇ ಮುತುವರ್ಜಿಯಿಂದ ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಪ್ರಚಾರ ಅವರಿಗೆ ಬಹಳ ಪ್ರೀತಿಯಲ್ಲವೇ.

ಮೊದಲ ಕರೆ ಶಿರಹಟ್ಟಿ ಆಚೆಯ ಒಂದು ತಾಂಡಾದಿಂದ ಬಂತು. ರೆಹಾನಾ ಸಾಹುಕಾರರಿಗೆ ಫೋನ್ ಮಾಡಿ, ತಾಯಿಯವರ ಹೆಸರಿನ ಗಾಡಿ ಎಷ್ಟೊತ್ತಿಗೆ ಹೊರಡುತ್ತದೆ, ನಮ್ಮ ವರದಿಗೆ ಬೇಕು ಎಂದಳು. ಕಳಿಸುತ್ತೇವೆ ಎಂಬ ಉತ್ತರ ಬಂತು. ಗಾಡಿಯಲ್ಲಿ ಒಣಮೆಣಸಿನಕಾಯಿ ಚೀಲ ತುಂಬಿದ್ದರಂತೆ, ಇಳಿಸಿ ಹೊರಟರು. ಆ ಹೆಣ್ಣುಮಗಳು ದಾರಿಯುದ್ದಕ್ಕೂ ಸೀನುತ್ತಲೇ ಆಸ್ಪತ್ರೆ ಮುಟ್ಟಿ ಗಂಡು ಹಡೆದಳು ಎಂದು ಅವಳ ಅತ್ತೆ ಫಾಲೋ-ಅಪ್ ಕರೆಯಲ್ಲಿ ನಗುತ್ತ ಹೇಳಿದಳು. ಫೋನ್ ಇಟ್ಟು ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅಕ್ಕನ ಕೂಸಿಗಾಗಿ ನಾನು ಅತ್ತದ್ದು ಅಂದೇ ಮೊದಲು.

ಆಮೇಲೆ ಕರೆಗಳಿಗೆ ಬರವಿರಲಿಲ್ಲ. ಕೆಲವು ತಿಂಗಳ ನಂತರ ಸಾಹುಕಾರರೇ ನಮ್ಮ ಕಚೇರಿಗೆ ಬಂದರು. ಕುರ್ಚಿ ಹಾಕಿ ಚಹಾ ತರಿಸಿದೆ. ಮನುಷ್ಯ ದಣಿದಂತೆ ಕಂಡರು. ಗಾಡಿ ಸವೆಯುತ್ತಿದೆ, ಮನೆಯ ಕೆಲಸಕ್ಕೆ ಸಿಗುತ್ತಿಲ್ಲ, ಡ್ರೈವರ್ ಬಿಟ್ಟು ಹೋಗುತ್ತೇನೆ ಎನ್ನುತ್ತಿದ್ದಾನೆ ಎಂದು ತೋಡಿಕೊಂಡು ಕೊನೆಗೆ ವಿಷಯಕ್ಕೆ ಬಂದರು.

“ನಮ್ಮ ಹೆಸರ ತಗದ ಬಿಡ್ರಿ ಮೇಡಂ. ಕೈ ಮುಗಿತೀನಿ.”

ಈ ಮಾತಿಗಾಗಿ ನಾನು ಎಷ್ಟು ದಿನ ಕಾದಿದ್ದೆ! ಧಾರಾಳವಾಗಿ ತೆಗೆಯುತ್ತೇವೆ ಎಂದೆ. ತಾಯಿಯ ಹೆಸರಿನ ಸೇವೆ ನಿಲ್ಲಿಸಿದ್ದೇವೆ ಎಂದು ಬರೆದುಕೊಡಿ, ಜಿಲ್ಲೆಯ ಎಲ್ಲ ಕಚೇರಿಗೂ ತಿಳಿಸಬೇಕಾಗುತ್ತದೆ, ಗಾಡಿಯ ಮೇಲಿನ ಅಕ್ಷರವನ್ನೂ ಅಳಿಸಬೇಕಾಗುತ್ತದೆ ಎಂದೆ. ಅವರು ಚಹಾ ಕೆಳಗಿಟ್ಟರು. ಆಗ ಅಕ್ಕನ ವಿಷಯ ಹೇಳಿದೆ. ಟ್ರ್ಯಾಕ್ಟರು, ಕಲ್ಯಾಣ ಮಂಟಪ, ಕೂಸು, ಎಲ್ಲ ಹೇಳಿದೆ.

“ನೆನಪಿಲ್ರಿ ನನಗ,” ಎಂದರು. “ದಿನಾ ಎಷ್ಟೋ ಫೋನ್ ಬರತಿದ್ವು.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಕ್ಷಮೆ ಕೇಳಿದ್ದರೆ ನಾನು ಎಲ್ಲಿ ಮೆತ್ತಗಾಗುತ್ತಿದ್ದೆನೋ ಏನೋ, ಆ ಒಂದು ಮಾತು ನನ್ನನ್ನು ಕಲ್ಲು ಮಾಡಿತು. ಅಷ್ಟರಲ್ಲಿ ಫೋನ್ ಬಂತು. ರೆಹಾನಾ ಮಾತನಾಡಿ, ರಿಸೀವರಿಗೆ ಕೈ ಅಡ್ಡ ಹಿಡಿದು ಅವರತ್ತ ತಿರುಗಿದಳು.

“ಸಾವ್ಕಾರ್ರ, ಬ್ಯಾನಿ ಎದ್ದಾವಂತ. ಗಾಡಿ ಐತೇನ್ರಿ?”

ಮಹಾಂತೇಶ ನೋಡುತ್ತಿದ್ದ, ನಾನೂ ನೋಡುತ್ತಿದ್ದೆ.

“ಐತಿ,” ಎಂದರು.

ಅಂಗಡಿಗೆ ಫೋನ್ ಹಚ್ಚಿ ಕೊಟ್ಟೆ, ಗಾಡಿ ಕಳಿಸಲು ಅವರೇ ಹೇಳಿದರು. ಬರೆದುಕೊಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಮುಂದೆ ಬಹಳ ಜನ ಹೊಸಬರಿಗೆ ತರಬೇತಿ ಕೊಟ್ಟೆ. ಎಲ್ಲರಿಗೂ ಹೇಳಿದ್ದು ಒಂದೇ. ಒಬ್ಬರು ತಮ್ಮ ಬಗ್ಗೆ ತಾವು ಹೇಳಿಕೊಂಡದ್ದು ಮಾಹಿತಿಯಲ್ಲ. ಕೇಳಿದವರ ಮನೆ ಬಾಗಿಲಿಗೆ ಮುಟ್ಟಿದ್ದು ಮಾಹಿತಿ. ಮುಟ್ಟದಿದ್ದರೆ ಮುಟ್ಟುವವರೆಗೆ ಬೆನ್ನು ಬಿಡಬಾರದು. ಇಂಥ ಕೆಲಸಕ್ಕೆ ಮನಸ್ಸಿನಲ್ಲಿ ಕರುಣೆ ಬೇಕೆಂದು ದೊಡ್ಡವರು ಹೇಳುತ್ತಾರೆ. ಇರಲಿ, ಬೇಡ ಎನ್ನುವುದಿಲ್ಲ. ನನಗಂತೂ ಸಿಟ್ಟೇ ಹೆಚ್ಚು ಉಪಯೋಗಕ್ಕೆ ಬಂತು.

ಸಾಹುಕಾರರು ಕಚೇರಿಗೆ ಬಂದುಹೋದ ಮೇಲಿನ ಪಂಚಮಿಗೆ ತವರಿಗೆ ಬಂದ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಉಂಡಿ ಕಟ್ಟುತ್ತಿದ್ದಳು. ಕೂಸಿನ ವಿಷಯ ಬಂದಾಗಲೆಲ್ಲ ಎದ್ದು ಹೋಗುತ್ತಿದ್ದವಳು ಅಂದು ಏಳದೆ ಕೊನೆಯವರೆಗೂ ಕೇಳಿದಳು.

“ಬಿಡಬ್ಯಾಡ ಅವನ್ನ,” ಎಂದಳು. “ಇನ್ನೂ ದುಡಸು.”

108 ಬಂದ ಮೇಲೂ, ನಾನು ನಿವೃತ್ತಳಾಗುವವರೆಗೂ, ಆ ಹೆಸರನ್ನು ತೆಗೆಯಲು ಯಾರಿಗೂ ಬಿಡಲಿಲ್ಲ.