ಹಳೇಬೀಡಲ್ಲಿ ಕೈಕೊಟ್ಟ ಮೈಕ್‌ಸೆಟ್ಟು

ತೀರಿಹೋದ ಗಾಯಕರೊಬ್ಬರ ಹುಟ್ಟುಹಬ್ಬಕ್ಕೆ ಹಳೇಬೀಡಿನ ಆಟೋದವರು ಸ್ಟ್ಯಾಂಡಲ್ಲೇ ಶಾಮಿಯಾನ ಹಾಕಿದ್ರು. ಅರಸೀಕೆರೆಯಿಂದ ಮೈಕ್‌ಸೆಟ್ ತಗೊಂಡು ಹೋದವನು ನಾನು. ಫೋಟೋ ಮುಂದೆ ಅವರದೇ ಒಂದು ಹಾಡು ಪೂರ್ತಿ ಆಗೋವರೆಗೂ ಕೇಕ್ ಕತ್ತರಿಸೋ ಹಾಗಿಲ್ಲ, ಅದು ಅಭಿಮಾನಿಗಳ ಪದ್ಧತಿ. ಹಾಡು ಹಾಕಿದೆ. ಪಲ್ಲವಿ ಮುಗಿಯೋಷ್ಟರಲ್ಲಿ ಆಂಪ್ಲಿಫೈಯರಿಂದ ಹೊಗೆ ಬಂದು ಸದ್ದು ನಿಂತೇ ಹೋಯ್ತು. ಊದುಬತ್ತಿ ಅಂದ್ಕೊಂಡು ಕೆಲವರು ಕೈ ಮುಗಿದ್ರು.

ಅಭಿಮಾನಿ ಸಂಘದ ಅಧ್ಯಕ್ಷ ಪುಟ್ಟಸ್ವಾಮಿ ಓಡಿಬಂದ. "ಏನ್ರೀ ಇದು, ಹುಟ್ಟಿದಬ್ಬದ ದಿನಾನೇ ನಮ್ಮಣ್ಣನ ಬಾಯಿ ಮುಚ್ಚಿಸ್ಬಿಟ್ರಲ್ಲ!" ಅಂದ. ಕಣ್ಣಲ್ಲಿ ನೀರು. ನನ್ನ ಹತ್ರ ಬೇರೆ ಸೆಟ್ ಇರಲಿಲ್ಲ.

"ಮಿಷನ್ ಕೆಟ್ರೆ ಕೆಡ್ಲಿ, ನಿನ್ ಬಾಯ್ಗೇನಾಗೈತ್ಲಾ?" ಅಂತ ಪುಟ್ಟಸ್ವಾಮಿನ ಗದರಿ, ಪಕ್ಕದಲ್ಲೇ ಹೂ ಮಾರೋ ಅಜ್ಜಿ ನಿಂತ ಕಡೆಯಿಂದಲೇ ಹಾಡು ಎತ್ತಿಕೊಂಡ್ರು. ಆಟೋದವರೆಲ್ಲ ದನಿ ಸೇರಿಸಿದ್ರು. ಕೊಳಲು ಬರೋ ಜಾಗಕ್ಕೆ ಒಬ್ಬ ಶಿಳ್ಳೆ ಹಾಕಿದ, ಇನ್ನೊಬ್ಬ ಆಟೋ ತಗಡಿನ ಮೇಲೇ ತಬಲಾ ಬಾರಿಸಿದ. ಎದುರಿಗೆ ನಿಂತಿದ್ದ ಬೇಲೂರು ಬಸ್ಸಿನ ಕಂಡಕ್ಟರ್ 'ರೈಟ್' ಅನ್ನೋದು ಬಿಟ್ಟು ಚರಣ ಹೇಳ್ತಿದ್ದ. ಪ್ರಯಾಣಿಕರು ಯಾರೂ ಬೈಯಲಿಲ್ಲ, ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರೂ ಹಾಡ್ತಿದ್ರು. ಇಡೀ ಸ್ಟ್ಯಾಂಡೇ ಸೇರಿ ಹಾಡು ಮುಗಿಸ್ತು.

ಕೇಕಿನ ಮೊದಲ ತುಂಡು ಪುಟ್ಟಸ್ವಾಮಿ ನನ್ನ ಬಾಯಿಗಿಟ್ಟ. "ಬರೋ ವರ್ಷಾನೂ ಇದೇ ಸೆಟ್ ತಗೊಂಬನ್ನಿ ಕಣ್ರೀ. ರಿಪೇರಿ ಮಾತ್ರ ಮಾಡಿಸ್ಬೇಡಿ."

ಇಷ್ಟು ವರ್ಷ ಚೆನ್ನಾಗಿ ಹಾಡಿದಾಗ ನನ್ನ ಸೆಟ್ಟನ್ನ ಯಾರೂ ಹೀಗೆ ಒಂದು ವರ್ಷ ಮುಂಚೆನೇ ಬುಕ್ ಮಾಡಿರಲಿಲ್ಲ.