ಗಂಗುಲಪ್ಪನ ಕರೆಂಟು ಡಬ್ಬಿ

ಶಿಡ್ಲಘಟ್ಟದ ಗಂಗುಲಪ್ಪನ ರೇಡಿಯೋ ರಿಪೇರಿ ಅಂಗಡಿಗೆ ಈಗ ರೇಡಿಯೋ ಬರುವುದಿಲ್ಲ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಬರುತ್ತವೆ. ಅವನ್ನೆಲ್ಲ ಹೊಟ್ಟೆಪಾಡಿಗೆ ಮುಟ್ಟುತ್ತಾನೆ. ಮನಸ್ಸಿಟ್ಟು ಮುಟ್ಟುತ್ತಿದ್ದದ್ದು ಮನೆಯಲ್ಲಿ ತಾನೇ ಕಟ್ಟಿಕೊಂಡ ವಾಲ್ವ್ ಆಂಪ್ಲಿಫೈಯರನ್ನು ಮಾತ್ರ. ಗಾಜಿನ ವಾಲ್ವುಗಳು ಕಾದು ಕೆಂಪಗಾದ ಮೇಲೆ ಬರುವ ಹಾಡಿನ ಸೊಗಸೇ ಬೇರೆ ಎನ್ನುವುದು ಅವನ ಹಟ. ಹೆಂಡತಿ ಲಕ್ಷ್ಮೀನರಸಮ್ಮ ರೇಷ್ಮೆ ನೂಲು ಬಿಚ್ಚುವ ಕೆಲಸ ಮುಗಿಸಿ ಬಂದು, ಕಾಲು ಚಾಚಿ ಕೂತು ಕೇಳುತ್ತಿದ್ದಳು. ಬಿಸಿನೀರಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯನ್ನು ಬೆರಳ ತುದಿಯಲ್ಲೇ ಹುಡುಕಿ ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ.

ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದೊಂದು ಅವನ ತಲೆ ತಿನ್ನುತ್ತಿತ್ತು. ಅದಕ್ಕೇ ಆ ಸದ್ದಿನ ಮೂಲವಾದ ಟ್ರಾನ್ಸ್‌ಫಾರ್ಮರನ್ನೂ ಅದರ ಜೊತೆಯ ಕಂಡೆನ್ಸರುಗಳನ್ನೂ ಬೇರೆ ತಗಡಿನ ಡಬ್ಬಿಗೆ ಹಾಕಿ, ಅಲ್ಲಿಂದ ಆಂಪ್ಲಿಫೈಯರಿಗೆ ಕೇಬಲ್ಲಿನಲ್ಲಿ ಕರೆಂಟು ತಂದ. ಕೇಬಲ್ಲಿನ ತುದಿಗೆ ತೂತಿರುವ ಕನೆಕ್ಟರ್ ಬರಬೇಕು, ಆಂಪ್ಲಿಫೈಯರಿಗೆ ಪಿನ್ನು. ಕೈಗೆ ಸಿಕ್ಕ ಹಳೇ ಜೋಡಿಯಲ್ಲಿ ತೂತಿನದು ಆಂಪ್ಲಿಫೈಯರಿನ ಕಿಂಡಿಗೆ ಸರಿಯಾಗಿ ಕೂತಿತು. ಕಿಂಡಿಯನ್ನು ಅರದಿಂದ ಉಜ್ಜಿ ಹಿಗ್ಗಿಸಲು ಬೇಸರವಾಗಿ, ಪಿನ್ನನ್ನು ಕೇಬಲ್ಲಿಗೆ ಹಾಕಿದ. ಆ ಬೋಳು ಪಿನ್ನುಗಳಲ್ಲಿ ಮನೆಯ ಕರೆಂಟಿಗಿಂತ ಹೆಚ್ಚಿನ ವೋಲ್ಟೇಜು ಓಡಾಡುತ್ತದೆಂದು ಅವನಿಗೆ ತಿಳಿಯದೆ? ತಿಳಿದಿತ್ತು. ಒಮ್ಮೆ ಸಿಕ್ಕಿಸಿದ್ದನ್ನು ಯಾರು ಬಿಚ್ಚುತ್ತಾರೆ ಎಂದುಕೊಂಡ, ಅಷ್ಟೆ. ಇಂಥ ಸೋಮಾರಿತನಕ್ಕೆ ಏನು ಹೇಳೋಣ!

ಆಯುಧಪೂಜೆಯ ಬೆಳಿಗ್ಗೆ ಅವನೇ ಬಿಚ್ಚಿದ. ಡಬ್ಬಿಯೊಂದನ್ನೇ ಚಾಲೂ ಮಾಡಿ ವೋಲ್ಟೇಜು ನೋಡಿದ, ಸ್ವಿಚ್ ಆರಿಸಿದ, ಬೂದುಗುಂಬಳ ತರಲು ಸಂತೆಬೀದಿಗೆ ಹೋದ. ಸ್ವಿಚ್ ಆರಿಸಿದರೂ ಕಂಡೆನ್ಸರು ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಬಸಿದುಹಾಕುವ ಪುಟ್ಟ ರೆಸಿಸ್ಟರನ್ನೂ ಈ ಮಹಾರಾಯ ನಾಳೆ ಹಾಕಿದರಾಯಿತೆಂದು ಬಿಟ್ಟಿದ್ದ.

ಅವರ ಮನೆಯಲ್ಲಿ ಆ ದಿನ ಕುಡುಗೋಲಿನಿಂದ ಹಿಡಿದು ಕಬ್ಬಿಣದ ಸೌಟಿನವರೆಗೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಅರಿಶಿನ ಕುಂಕುಮ ಇಡುವ ಪದ್ಧತಿ. ಗಂಡನ ಪ್ರಾಣವೇ ಆಗಿದ್ದ ಡಬ್ಬಿಯನ್ನು ಲಕ್ಷ್ಮೀನರಸಮ್ಮ ಮರೆಯುತ್ತಾಳೆಯೇ? ಕೇಬಲ್ಲಿನ ತುದಿಯನ್ನೂ ಒರೆಸಿ, ಹೊಳೆಯುವ ಪಿನ್ನುಗಳಿಗೆ ಒದ್ದೆ ಬೆರಳಲ್ಲಿ ಅರಿಶಿನ ಹಚ್ಚಿದಳು.

ಜೀವ ಉಳಿಯಿತು. ಸುಟ್ಟ ಕಡೆ ಹೊಸ ಚರ್ಮವೂ ಬಂತು. ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗೆ ಸ್ಪರ್ಶ ಮಾತ್ರ ಮರಳಲಿಲ್ಲ. ಎಳೆ ಸಿಗದ ಕೈಗೆ ಯಾರು ಕೆಲಸ ಕೊಡುತ್ತಾರೆ? ಸ್ವಲ್ಪ ದಿನ ಗೂಡು ಆರಿಸಿದಳು, ಆಮೇಲೆ ಮನೆಯಲ್ಲೇ ಉಳಿದಳು. ಗಂಗುಲಪ್ಪ ಆಂಪ್ಲಿಫೈಯರನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಅವಳ ಎದುರು ಕೂತು ಉಣ್ಣುವುದಕ್ಕೂ ನಾಚಿಕೆಯಾಗುತ್ತಿತ್ತು.

ವರ್ಷ ತಿರುಗಿತು. ಹಬ್ಬ ಹತ್ತಿರ ಬಂದಾಗ ಅವಳೇ ಅಂದಳು: "ಏಮಯ್ಯಾ, ಅದನ್ನ ಇಳಿಸ್ರಿ. ಮನೇಲಿ ದಿನವೆಲ್ಲಾ ಒಬ್ಳೇ ಇರ್ತೀನಿ, ಒಂದು ಹಾಡಾದ್ರೂ ಬೇಡ್ವಾ?"

ಈ ಸಲ ಅವನು ಚಿಂತಾಮಣಿಗೆ ಹೋಗಿ ಹುಡುಕಾಡಿ ತಂದ. ಡಬ್ಬಿಯಿಂದ ಬರುವ ಕೇಬಲ್ಲಿಗೆ ಬರೀ ತೂತುಗಳಿರುವ ಕನೆಕ್ಟರು, ಎಳೆದರೆ ಬಾರದಂತೆ ತಿರುಪಿ ಬಿಗಿಯುವ ಬಳೆ. ವಾಲ್ವು ಕಾಯಿಸುವ ಕರೆಂಟಿಗೆ ದಪ್ಪ ತಂತಿ, ಹೆಚ್ಚಿನ ವೋಲ್ಟೇಜಿಗೆ ಗಟ್ಟಿ ಹೊದಿಕೆಯ ಬೇರೆ ತಂತಿ, ಡಬ್ಬಿ, ಆಂಪ್ಲಿಫೈಯರು ಎರಡರ ತಗಡಿಗೂ ಅರ್ತಿಂಗ್ ತಂತಿ. ರೆಸಿಸ್ಟರನ್ನು ಎಲ್ಲಕ್ಕಿಂತ ಮೊದಲು ಬೆಸೆದ. ಕಿಂಡಿಯನ್ನು ಕೂತು ಉಜ್ಜಿದ. ಆಯುಧಪೂಜೆಯ ದಿನ ಸ್ವಿಚ್ ಆರಿಸಿ, ಮೀಟರಿನ ಮುಳ್ಳು ಸೊನ್ನೆಗೆ ಇಳಿಯುವುದನ್ನು ನೋಡಿ, ಮತ್ತೆ ನೋಡಿ, ಅವಳನ್ನು ಕರೆದ.

"ಮುಟ್ಟಿ ನೋಡಮ್ಮ, ಹೆದರ್ಬೇಡ. ಪಿನ್ನೇ ಇಲ್ಲ, ನುಣ್ಣಗಿದೆ."

ಎಡಗೈಯಲ್ಲಿ ಅರಿಶಿನದ ಬಟ್ಟಲು ಹಿಡಿದು ಬಂದವಳು ಅಭ್ಯಾಸಬಲದಿಂದ ಬಲಗೈಯನ್ನೇ ಚಾಚಿ, ಕನೆಕ್ಟರಿನ ಮೇಲೆ ಬೆರಳಾಡಿಸಿದಳು.

"ನುಣ್ಣಗಿದೆ ಅಲ್ವಾ?" ಅಂದ.

"ನೀವೇ ಹೇಳ್ಬೇಕು. ನಂಗೆಲ್ಲಿ ಗೊತ್ತಾಗುತ್ತೆ," ಅಂದಳು. ಅವಳ ಮಾತಲ್ಲಿ ಸಿಟ್ಟೇನೂ ಇರಲಿಲ್ಲ.

ಗಂಗುಲಪ್ಪ ಅವಳ ಕೈಯಿಂದ ಅರಿಶಿನದ ಬಟ್ಟಲು ತೆಗೆದುಕೊಂಡು ಡಬ್ಬಿಗೆ ತಾನೇ ಹಚ್ಚಿದ. ಆ ಸಂಜೆ ಹಾಡು ಹಾಕಲು ಅವನಿಗೆ ಕೈ ಬರಲಿಲ್ಲ.