ಬಚ್ಚಲಲ್ಲಿ ಕದ್ದು ಕುಡಿದ ನೀರು

ತವರಿನಲ್ಲಿ ಬಾಣಂತಿಗೆ ನೀರು ಕದಿಯುವ ಗತಿ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಾನೇ ಕದ್ದೆ. ಸ್ನಾನದ ಹಂಡೆಯಿಂದ ಬೊಗಸೆಯಲ್ಲಿ ಎತ್ತಿ, ಹೊಗೆ ವಾಸನೆಯ ಬಿಸಿನೀರನ್ನು ಗಟಗಟ ಕುಡಿಯುತ್ತಿದ್ದೆ. ತೊಂಬತ್ತರ ದಶಕದ ಮಾತು. ಮೊದಲ ಹೆರಿಗೆ ಮುಗಿಸಿ ಮೂಡಿಗೆರೆ ಹತ್ತಿರದ ಅಮ್ಮನ ಮನೆಯಲ್ಲಿದ್ದೆ. ಅಮ್ಮ ದಿನಕ್ಕೆ ಅಳೆದು ಎರಡೇ ಲೋಟ ನೀರು ಕೊಡುತ್ತಿದ್ದಳು. ಊಟಕ್ಕೆ ನಮ್ಮ ತೋಟದ್ದೇ ಕಾಳುಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ಅನ್ನ. ಸೊಪ್ಪು ಶೀತ, ಮಜ್ಜಿಗೆ ಶೀತ, ಬಾಳೆಹಣ್ಣಿನ ಹೆಸರನ್ನೇ ಎತ್ತುವಂತಿರಲಿಲ್ಲ.

"ನೀರು ಜಾಸ್ತಿ ಕುಡಿದ್ರೆ ಹೊಟ್ಟೆ ಬರುತ್ತೆ, ಮಗೂಗೆ ಶೀತ ಆಗುತ್ತೆ. ಸುಮ್ನಿರು ಮಾರಾಯ್ತಿ" ಎನ್ನುತ್ತಿದ್ದಳು.

ಮೂರನೇ ವಾರಕ್ಕೆ ಮೂಲವ್ಯಾಧಿ ಹಿಡಿಯಿತು. ಕಕ್ಕಸಿಗೆ ಹೋಗುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು, ಜೊತೆಗೆ ರಕ್ತ. ಆ ಹೆದರಿಕೆಗೆ ಊಟ ಬಿಟ್ಟೆ. ಹಾಲು ಕಡಿಮೆಯಾಯಿತು. ಕೂರಲಾಗದೆ ಗೋಡೆಗೊರಗಿ ನಿಂತೇ ಹಾಲೂಡಿಸಿದರೆ, ಮಗು ನಾಲ್ಕು ಗುಟುಕಿಗೇ ಮೊಲೆ ಬಿಟ್ಟು ಚೀರುತ್ತಿತ್ತು. ಅದರ ಪಕ್ಕೆಲುಬು ಕಾಣತೊಡಗಿತು. ಯಾರಿಗೆ ಹೇಳಲಿ? ಎಂಥ ಜಾಗದ ನೋವು ಅದು! ಬಟ್ಟೆಯ ಮೇಲಿನ ರಕ್ತ ಕಂಡ ಅಮ್ಮ, ಹೆರಿಗೆಯದೇ ಇನ್ನೂ ನಿಂತಿಲ್ಲವೆಂದುಕೊಂಡು ಸಾರಿಗೆ ಮತ್ತಷ್ಟು ಮೆಣಸು ಹಾಕಿದಳು.

ಇವಳಿಗೆ ನನ್ನ ಕಷ್ಟ ಹೇಗೆ ತಿಳಿಯಬೇಕು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅಮ್ಮ ಕೂತದ್ದನ್ನು ಕಂಡವರೇ ಕಡಿಮೆ. ಊಟ ಮಾಡುವುದೂ ಒಲೆಕಟ್ಟೆಗೆ ಒರಗಿ ನಿಂತೇ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಲ್ಲುವವಳು. "ನಿನ್ನ ಕಾಲಿಗೇನು ಚಕ್ರ ಕಟ್ಟಿದಾರಾ?" ಎಂದು ಚಿಕ್ಕಂದಿನಿಂದಲೂ ರೇಗಿಸುತ್ತಿದ್ದೆ.

ಮಗುವಿಗೆ ಒಂದೂವರೆ ತಿಂಗಳಾದಾಗ, ಒಂದು ಬೆಳಿಗ್ಗೆ, ಬಚ್ಚಲಿನಲ್ಲಿ ಸಿಕ್ಕಿಬಿದ್ದೆ. ಅಮ್ಮ ನನ್ನ ಕೈ ಹಿಡಿದೆಳೆದಳು.

"ಮಗೂನ ಸಾಯಿಸ್ಬೇಕು ಅಂತ ಮಾಡಿದೀಯಾ?"

"ಸಾಯಿಸ್ತಾ ಇರೋದು ನೀನು!" ಎಂದು ಕಿರುಚಿದೆ.

ಅಮ್ಮ ಹಿಡಿದ ಕೈ ಬಿಟ್ಟಳು. ಆ ಹೊತ್ತಿಗೇ ಮಗುವಿಗೆ ಇಂಜೆಕ್ಷನ್ ಕೊಡುವ ನರ್ಸಮ್ಮ ಅಂಗಳಕ್ಕೆ ಬಂದರು. ಮಗುವನ್ನು ತಕ್ಕಡಿಗೆ ತೂಗುಹಾಕಿ, ಮುಳ್ಳನ್ನು ಎರಡು ಸಲ ನೋಡಿದರು.

"ತೂಕ ಏರೇ ಇಲ್ವಲ್ಲಮ್ಮ. ಕೂತ್ಕೊಳ್ಳಿ, ಮಾತಾಡೋಣ."

ನಾನು ಕೂರಲಿಲ್ಲ. ಅವರು ನನ್ನನ್ನೇ ನೋಡಿ, ದನಿ ತಗ್ಗಿಸಿ, "ಮೂಲವ್ಯಾಧಿಯಾ?" ಎಂದರು. ನನಗೆ ಅಳು ಒತ್ತರಿಸಿ ಬಂತು.

ಒಳಕೋಣೆಯಲ್ಲಿ ಪರೀಕ್ಷೆ ಮಾಡಿ ನರ್ಸಮ್ಮ ಖಡಾಖಂಡಿತವಾಗಿ ಹೇಳಿದರು. "ಬಾಯಾರಿದಾಗಲೆಲ್ಲ ನೀರು ಕುಡೀಬೇಕು. ಸೊಪ್ಪು, ಹಣ್ಣು, ಮಜ್ಜಿಗೆ ಎಲ್ಲ ತಗೋಬೇಕು. ಕಕ್ಕಸಲ್ಲಿ ತಿಣುಕಬಾರ್ದು. ಅಗಲ ಬೇಸಿನ್ನಲ್ಲಿ ಉಗುರುಬೆಚ್ಚಗಿನ ನೀರು ಹಾಕ್ಕೊಂಡು ದಿನಾ ಎರಡು ಮೂರು ಸಲ ಹತ್ತು ಹದಿನೈದು ನಿಮಿಷ ಕೂತ್ಕೊಳ್ಳಿ. ಒಂದು ವಾರದಲ್ಲಿ ರಕ್ತ ನಿಲ್ದಿದ್ರೆ ಚಿಕ್ಕಮಗಳೂರಿಗೆ ಹೋಗಿ ಡಾಕ್ಟ್ರಿಗೆ ತೋರಿಸ್ಲೇಬೇಕು. ಹೆತ್ತೋರಿಗೆ ಬರೋದೇ ಇದು. ಸರಿಯಾಗಿ ನೋಡ್ಕೊಂಡ್ರೆ ಹೆಚ್ಚಿನವ್ರಿಗೆ ಹೋಗುತ್ತೆ."

"ಹೋಗುತ್ತಾ?"

ಕೇಳಿದ್ದು ನಾನಲ್ಲ, ಬಾಗಿಲಲ್ಲಿ ನಿಂತಿದ್ದ ಅಮ್ಮ.

ನರ್ಸಮ್ಮ ಹೋದ ಮೇಲೆ ಅಮ್ಮ ಬೇಸಿನ್ ತಿಕ್ಕಿ ತೊಳೆದಳು. "ಹೋಗುತ್ತಾ ಅಂತ ಯಾಕೆ ಕೇಳಿದೆ?" ಎಂದೆ. ಮುಖ ತಿರುಗಿಸದೆ ಹೇಳಿದಳು: "ನಿನ್ನ ಹೆತ್ತಾಗ ಬಂದಿದ್ದು ನಂಗೆ ಹೋಗ್ಲೇ ಇಲ್ವಲ್ಲೇ. ನಮ್ಮಮ್ಮನೂ ಹೀಗೇ ಬಾಣಂತನ ಮಾಡಿದ್ಲು. ಎಲ್ರಿಗೂ ಇಷ್ಟೇ ಅಂದ್ಕೊಂಡೆ."

ಆಗ ನನಗೆ ಇಪ್ಪತ್ತಮೂರು ವರ್ಷ. 

ಐದನೆಯ ದಿನ ರಕ್ತ ನಿಂತಿತು. ಅಮ್ಮನೇ ಚೊಂಬು ತುಂಬಿ ನನ್ನ ತಲೆದೆಸೆಗೆ ನೀರಿಡುತ್ತಿದ್ದಳು. ಮಗು ಹೊಟ್ಟೆ ತುಂಬ ಕುಡಿದು ಮಲಗಿದ ಒಂದು ಮಧ್ಯಾಹ್ನ, ಹೊಸ ಬೇಸಿನ್ನಿಗೆ ನಾನೇ ನೀರು ಹದ ಮಾಡಿ ಅಮ್ಮನನ್ನು ಕರೆದೆ.

"ನಂಗೆಂಥಕ್ಕೆ ಈಗ? ಕೆಲ್ಸ ಬಿದ್ದಿದೆ."

"ನಡಿ ಒಳಗೆ. ಇದಾದ್ಮೇಲೆ ಡಾಕ್ಟ್ರ ಹತ್ರಾನೂ ಹೋಗ್ಬೇಕು" ಎಂದು ಗದರಿಸಿ ಬಾಗಿಲು ಹಾಕಿದೆ.

ಹದಿನೈದು ನಿಮಿಷ ಕಳೆಯಿತು. ಸದ್ದಿಲ್ಲ. ಇಪ್ಪತ್ತಾಯಿತು. ಗಾಬರಿಯಾಗಿ ಬಾಗಿಲು ಬಡಿದೆ.

"ಇರೇ ಮಾರಾಯ್ತಿ," ಅಮ್ಮ ಒಳಗಿನಿಂದ ಹೇಳಿದಳು, "ಕೂತಿದೀನಿ."